ಮಲೇರಿಯ ನಿಗ್ರಹ ಮತ್ತು ರಾಷ್ಟ್ರಗಳ ಸಹಕಾರ: ಕನ್ನಡನಾಡಿನ ಇತಿಹಾಸದಿಂದ ಒಂದು ವಿಚಾರ

ನಮ್ಮ ಗುರುಮಠಗಳ ಪಠ್ಯಕ್ರಮದಲ್ಲಿ ಧರ್ಮಸಭೆಯ ರೋಗಶುಶ್ರೂಷೆಯ ಅಧ್ಯಾಯವನ್ನು ಆಸ್ಪತ್ರೆಗಳ ಇತಿಹಾಸವಾಗಿ ಹೇಳುವುದು ವಾಡಿಕೆ. ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಔಷಧ ವಿತರಣೆ, 1886ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಂತ ಮಾರ್ಥಾ ಆಸ್ಪತ್ರೆ ಮುಂತಾದವು ಅದರಲ್ಲಿ ಬರುತ್ತವೆ, ಬರಲೇಬೇಕು. ಆದರೆ ಹಾಸಿಗೆಯ ಬಳಿ ನಿಂತು ಗೆಲ್ಲಲಾಗದ ರೋಗಗಳೂ ಇವೆ. ಅವುಗಳಲ್ಲಿ ಮಲೇರಿಯ ಮೊದಲನೆಯದು. ರೋಗಿಯೊಬ್ಬನನ್ನು ಗುಣಪಡಿಸಿ ಮನೆಗೆ ಕಳುಹಿಸಿದರೆ ಅದೇ ಮನೆಯ ಸೊಳ್ಳೆ ಅವನಿಗಾಗಿ ಕಾದಿರುತ್ತದೆ. ಊರಿನ ನೀರು, ನೆರೆಯೂರಿನ ಕಾಲುವೆ, ದೂರದೇಶದ ಔಷಧ, ಇನ್ನೊಂದು ಖಂಡದ ಪ್ರಯೋಗಶಾಲೆ ಇವೆಲ್ಲ ಒಂದುಗೂಡದೆ ಈ ಚಳಿಜ್ವರ ಎಲ್ಲಿಯೂ ತಗ್ಗಿದ್ದಿಲ್ಲ.

ಹೀಗೆ ಒಂದುಗೂಡಿದ ಕಥೆಯನ್ನು ನಮ್ಮ ವಲಯದಲ್ಲಿ ಎರಡು ಬಗೆಯಾಗಿ ಹೇಳುವುದನ್ನು ಕೇಳುತ್ತೇವೆ. ಸಿರಿವಂತ ದೇಶಗಳು ಬಡವರಿಗೆ ಮಾಡಿದ ಉಪಕಾರ ಎಂಬುದು ಒಂದು. ಸಾಮ್ರಾಜ್ಯಗಳು ತಮ್ಮ ಸ್ವಾರ್ಥಕ್ಕಾಗಿ ಹೂಡಿದ ಉಪಾಯ ಎಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ. ಆದರೂ ಈ ಎರಡೂ ಕಥನಗಳಲ್ಲಿ ಕನ್ನಡನಾಡಿನ ಜನ ಬರಿಯ ಪಡೆಯುವವರಾಗಿ ಉಳಿಯುತ್ತಾರೆ. ನಾವು ಇಲ್ಲಿ ತೋರಿಸಬಯಸುವುದು ಅದಕ್ಕಿಂತ ಭಿನ್ನವಾದ ಸಂಗತಿಯನ್ನು: ಪಡೆದವರು ಸ್ವತಃ ಕೆಲಸಗಾರರೂ ಶೋಧಕರೂ ಆದ ಕಡೆ ಸಹಕಾರ ಉಳಿಯಿತು, ಹಾಗಾಗದೆ ಕೊಡುವವರ ಗಡುವಿಗೆ ಕಟ್ಟುಬಿದ್ದ ಕಡೆ ರೋಗ ಮರಳಿತು.

ಕಥೆಯ ಆದಿಯಲ್ಲಿ ಧರ್ಮಸಭೆಯೇ ಇದೆ. ರೋಮ್ ನಗರದ ಸುತ್ತಲಿನ ಜೌಗುಭೂಮಿ ಶತಮಾನಗಳ ಕಾಲ ಜ್ವರದ ತವರಾಗಿತ್ತು. 1623ರಲ್ಲಿ ಎಂಟನೆಯ ಉರ್ಬನ್ ಜಗದ್ಗುರುಗಳನ್ನು ಆರಿಸಲು ಸೇರಿದ ಕಾರ್ಡಿನಲ್ಲರ ಪೈಕಿ ಹಲವರು ಆ ಬೇಸಿಗೆಯ ಜ್ವರಕ್ಕೆ ಬಲಿಯಾದರು. ಅದೇ ಶತಮಾನದಲ್ಲಿ ಪೆರುವಿನಿಂದ ಯೇಸುಸಭೆಯವರ ಮೂಲಕ ಸಿಂಕೋನ ತೊಗಟೆ ರೋಮಿಗೆ ಬಂದಿತು. ಕಾರ್ಡಿನಲ್ ಹುವಾನ್ ದೆ ಲುಗೊ ಅದನ್ನು ಬಡವರಿಗೆ ಹಂಚಿಸಿದರು. ಚಿಂಚೋನ್ ಪ್ರಾಂತ್ಯದ ಕೌಂಟೆಸ್ ಈ ತೊಗಟೆಯಿಂದ ಗುಣಮುಖಳಾದಳೆಂಬ ಕಥೆ ಈಗಲೂ ಪುಸ್ತಕಗಳಲ್ಲಿ ಓಡಾಡುತ್ತಿದೆ. ಅದು ದಂತಕಥೆಯೆಂದು ಇತಿಹಾಸಕಾರರು ತೋರಿಸಿ ಎಂಟು ದಶಕಗಳಾದವು. ಕೌಂಟೆಸ್‌ಗೆ ಹೆಸರಿದೆ, ಮರವನ್ನು ಗುರುತಿಸಿ ತೋರಿಸಿದ ಆಂಡಿಸ್ ಪರ್ವತಗಳ ಜನರಿಗೆ ಇಲ್ಲ. ಇದು ಈ ವಿಷಯದ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುವ ದೋಷ. 1860ರ ದಶಕದಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಅವರ ಪ್ರಯತ್ನದಿಂದ ಅದೇ ಸಿಂಕೋನ ನೀಲಗಿರಿಯಲ್ಲಿ ಬೇರೂರಿತು. ಗಿಡ ಹೊರಹೋಗದಂತೆ ಕಾಯುತ್ತಿದ್ದ ಆಂಡಿಸ್ ದೇಶಗಳ ಕಣ್ಣುತಪ್ಪಿಸಿ ತಂದ ಸಸಿಗಳವು. ಅದನ್ನು ಸಹಕಾರವೆನ್ನಲು ನಮಗೆ ಮನಸ್ಸಾಗದು.

ಪೇತ್ರನ ಅತ್ತೆಯ ಜ್ವರವೂ ಇದೇ ಎಂದು ಕೆಲವು ವ್ಯಾಖ್ಯಾನಕಾರರು ಊಹಿಸಿದ್ದಾರೆ. ಗಲಾತ್ಯದಲ್ಲಿ ಸಂತ ಪೌಲನನ್ನು ಕಾಡಿದ ದೇಹಾಲಸ್ಯ ಮಲೇರಿಯವೆಂದು ವಿಲಿಯಂ ರಾಮ್ಸೆ 1895ರಲ್ಲಿ ವಾದಿಸಿದರು. ಊಹೆಗಳು ಸ್ವಾರಸ್ಯಕರವಾಗಿವೆ, ಅವುಗಳ ಮೇಲೆ ಏನನ್ನೂ ಕಟ್ಟುವ ಅಗತ್ಯವಿಲ್ಲ. ಪೌಲನ ಬೇರೊಂದು ಕಾರ್ಯ ಈ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಅದಕ್ಕೆ ಮುಂದೆ ಬರುತ್ತೇವೆ.

ಕಡಗಂಚಿಯ ಎರೆಭೂಮಿಯಿಂದ ನೋಡಿದರೆ ಮಲೇರಿಯ ವಿಜ್ಞಾನದ ದೊಡ್ಡ ದಿನ ದೂರದೇಶದ್ದಲ್ಲ. ಆಳಂದ, ಕಲಬುರಗಿ ಸೀಮೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. 1874ರಿಂದಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡುತ್ತಿತ್ತು. ಅದೇ ಸಿಕಂದರಾಬಾದಿನ ಬ್ರಿಟಿಷ್ ದಂಡಿನಲ್ಲಿ 1897ರ ಆಗಸ್ಟ್ 20ರಂದು ಸೇನಾವೈದ್ಯ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯ ಪರೋಪಜೀವಿಯನ್ನು ಕಂಡರು. ಅವರು ಕಂಡದ್ದಕ್ಕೆ ಅರ್ಥ ಬಂದದ್ದು ಇತರರ ಶ್ರಮದಿಂದ. ಆ ಪರೋಪಜೀವಿಯನ್ನು ಮನುಷ್ಯರಕ್ತದಲ್ಲಿ ಮೊದಲು ಗುರುತಿಸಿದವರು ಫ್ರೆಂಚ್ ಸೇನಾವೈದ್ಯ ಲಾವೆರಾನ್, 1880ರಲ್ಲಿ, ಅಲ್ಜೀರಿಯದಲ್ಲಿ. ಸೊಳ್ಳೆಯಲ್ಲಿ ಹುಡುಕೆಂದು ಲಂಡನ್ನಿನಿಂದ ಪತ್ರಗಳ ಮೇಲೆ ಪತ್ರ ಬರೆದವರು ಪ್ಯಾಟ್ರಿಕ್ ಮ್ಯಾನ್ಸನ್. ಸೊಳ್ಳೆಗಳಿಗೆ ತನ್ನ ರಕ್ತ ಕುಡಿಯಲು ಬಿಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದೊಂದು ಆಣೆ ಸಂದಿತು. ಮನುಷ್ಯರಿಗೆ ರೋಗ ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಮರುವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಅವರ ಸಂಗಡಿಗರು ತೋರಿಸಿದರು. ಆಮೇಲೆ ಶ್ರೇಯಸ್ಸು ಯಾರಿಗೆಂದು ರಾಸ್ ಮತ್ತು ಗ್ರಾಸ್ಸಿ ವರ್ಷಗಟ್ಟಲೆ ಕಿತ್ತಾಡಿದರು. 1902ರ ನೊಬೆಲ್ ಪಾರಿತೋಷಕ ರಾಸ್ ಒಬ್ಬರಿಗೇ ದೊರೆಯಿತು.

ಸಹಕಾರವೆಂಬ ಮಾತಿಗೆ ಪೂರ್ಣಾರ್ಥ ಬಂದದ್ದು ಮೈಸೂರು ಸಂಸ್ಥಾನದಲ್ಲಿ. 1920ರ ದಶಕದ ಕೊನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ತನ್ನ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟಲು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆಯಿತು. ಈ ಪ್ರತಿಷ್ಠಾನದ ಹಣ ಎಣ್ಣೆ ವ್ಯಾಪಾರದ ಹಣ. ಅದರ ದೃಷ್ಟಿ ಬಡತನಕ್ಕಿಂತ ಹೆಚ್ಚಾಗಿ ಕೀಟದ ಮೇಲೆ ನೆಟ್ಟಿತ್ತು ಎಂಬ ಟೀಕೆಯೂ ನ್ಯಾಯವಾದುದೇ. ಆದರೆ ಅದರ ಕಾರ್ಯವಿಧಾನದಲ್ಲಿ ಒಂದು ವಿವೇಕವಿತ್ತು. ಮೊದಲ ವರ್ಷಗಳಲ್ಲಿ ವೆಚ್ಚದ ಹೆಚ್ಚಿನ ಪಾಲು ಪ್ರತಿಷ್ಠಾನದ್ದು. ವರ್ಷದಿಂದ ವರ್ಷಕ್ಕೆ ಅದು ತಗ್ಗುತ್ತ, ಸ್ಥಳೀಯ ಸರಕಾರದ ಪಾಲು ಏರುತ್ತ, ಕೊನೆಗೆ ಕೆಲಸ ಪೂರ್ತಿಯಾಗಿ ಆ ಸರಕಾರದ್ದೇ ಆಗಬೇಕು. ಬರುವಾಗಲೇ ಹೋಗುವ ದಾರಿಯನ್ನು ಯೋಚಿಸಿಕೊಂಡು ಬರುವ ನೆರವು ಇದು. ಧರ್ಮಪ್ರಾಂತಗಳ ಯೋಜನೆಗಳನ್ನು ನಡೆಸುವ ಗುರುಗಳು ಈ ಒಂದು ನಿಯಮವನ್ನು ಗಮನಿಸಬೇಕು.

ಮಲೇರಿಯ ಮೈಸೂರಿಗೆ ಹೊಸದಲ್ಲ, ಆದರೆ ಕಾಲುವೆಗಳು ಅದಕ್ಕೆ ಹೊಸ ದಾರಿಗಳನ್ನು ತೆರೆದಿದ್ದವು. ಕೃಷ್ಣರಾಜಸಾಗರದ ನೀರು 1930ರ ದಶಕದ ಆರಂಭದಲ್ಲಿ ಇರ್ವಿನ್ ಕಾಲುವೆಯ ಮೂಲಕ ಮಂಡ್ಯದ ಒಣನೆಲಕ್ಕೆ ಹರಿದಾಗ ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆಗಳ ಜೊತೆಗೆ ಜ್ವರವೂ ಬಂದಿತು. ನೀರು ತಂದವರನ್ನು ಹಳಿಯುವಂತಿಲ್ಲ. ಆದರೆ ನೀರಿನ ಲೆಕ್ಕ ಬರೆಯುವಾಗ ಜ್ವರವನ್ನು ಲೆಕ್ಕದಿಂದ ಬಿಡುವಂತೆಯೂ ಇಲ್ಲ.

ಈ ಕಾರ್ಯದಲ್ಲಿ ಇಬ್ಬರ ಹೆಸರು ಜೊತೆಜೊತೆಯಾಗಿ ಬರುತ್ತದೆ: ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಾ. ಡಬ್ಲ್ಯು. ಸಿ. ಸ್ವೀಟ್ ಮತ್ತು ಮೈಸೂರಿನ ಡಾ. ಬಿ. ಎ. ರಾವ್. ಸೊಳ್ಳೆಮರಿಗಳನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರು ಇದೇ ರಾವ್. ಆ ಮೀನಿನ ಮೂಲ ಅಮೆರಿಕ. ಅಲ್ಲಿಂದ ಅದು 1920ರ ದಶಕದ ಆರಂಭದಲ್ಲಿ ಸ್ಪೇನಿಗೂ ಇಟಲಿಗೂ ಹೋಗಿತ್ತು. ಹೆಬ್ಬೆರಳಿನಷ್ಟೂ ಇಲ್ಲದ ಮೀನೊಂದು ನಾಲ್ಕು ದೇಶಗಳ ನೀರು ಕಂಡು ನಮ್ಮ ಬಾವಿಗಳಿಗೆ ಇಳಿಯಿತು. ಅದು ನಮ್ಮ ಕೆರೆಗಳ ನಾಡಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ, ಆದುದರಿಂದ ಹರಿಯುವ ನೀರಿಗೂ ಕೆರೆಗೂ ಅದನ್ನು ಬಿಡಬಾರದು ಎಂಬ ಎಚ್ಚರ ಬಂದದ್ದು ಬಹಳ ತಡವಾಗಿ. ಫ್ರಾನ್ಸಿಸ್ ಜಗದ್ಗುರುಗಳ 2015ರ ಪರಿಪತ್ರವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಎಚ್ಚರದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವೀಟ್ ಮತ್ತು ರಾವ್ ಅವರು 1937ರಲ್ಲಿ ಪ್ರಕಟಿಸಿದ ಲೇಖನವೊಂದು ಇನ್ನೂ ಹೆಚ್ಚು ಬಾಳಿಕೆಯದು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳ ಇಕ್ಕೆಲಗಳಲ್ಲಿ ನೀರಿನ ಮೇಲೆ ತೇಲಿಸುವ ಸಣ್ಣ ರಚನೆಗಳಿರುತ್ತವೆ. ಅವುಗಳ ಮೇಲೆ ಸಾಲಾಗಿ ಏಣುಗಳಿರುತ್ತವೆ. ಅವರು ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಏಣುಗಳನ್ನು ಎಣಿಸಿ, ಒಂದೇ ಎಂದುಕೊಂಡಿದ್ದ ಸೊಳ್ಳೆಯಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದರು. ಮುಂದಿನ ಅಧ್ಯಯನಗಳು ಒಂದು ಬಗೆಯನ್ನು ಪಟ್ಟಣದ ಸಮರ್ಥ ರೋಗವಾಹಕವೆಂದೂ, ಇನ್ನೊಂದನ್ನು ಹಳ್ಳಿಗಳಲ್ಲಿ ಹೆಚ್ಚಾಗಿ ಜಾನುವಾರುಗಳ ರಕ್ತ ಹೀರುವುದೆಂದೂ ಗುರುತಿಸಿದವು. ಆ ಎರಡನೆಯ ಬಗೆಗೆ ಅವರಿಟ್ಟ ಹೆಸರು ಮೈಸೂರೆನ್ಸಿಸ್. ಜಗತ್ತಿನ ಕೀಟಶಾಸ್ತ್ರದ ಗ್ರಂಥಗಳಲ್ಲಿ ಮೈಸೂರು ಎಂಬ ಹೆಸರು ಇಂದಿಗೂ ಹೀಗೆ ಉಳಿದಿದೆ. ಈ ಕೆಲಸವನ್ನು ಉಪಕಾರವೆನ್ನಲೂ ಬಾರದು, ಉಪಾಯವೆನ್ನಲೂ ಬಾರದು. ಇಬ್ಬರು ಒಂದೇ ಮೇಜಿನ ಬಳಿ ಕುಳಿತು ಎಣಿಸಿದರು, ಇಬ್ಬರೂ ಸಹಿ ಹಾಕಿದರು.

ಇತ್ತ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಸ್ಥಿತಿ ಬೇರೆಯಾಗಿತ್ತು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು ಜ್ವರದಿಂದ ಬರಿದಾಗುತ್ತಿದ್ದವು; ಯಲ್ಲಾಪುರ, ಸೂಪಾಗಳ ಹಳ್ಳಿಗಳಲ್ಲಿ ಜನಸಂಖ್ಯೆ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದಿತ್ತು. ಕಾಡಿನ ತೊರೆಗಳ ತಿಳಿನೀರಲ್ಲಿ ಬೆಳೆಯುವ ಫ್ಲೂವಿಯಾಟಿಲಿಸ್ ಸೊಳ್ಳೆಯೇ ಅಲ್ಲಿನ ಮುಖ್ಯ ವೈರಿ. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು 1940ರ ದಶಕದ ನಡುವಿನಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಅದರ ಪರಿಣಾಮವನ್ನು ಅಳೆದರು. ಮೊದಲ ವರ್ಷದ ಫಲಿತಾಂಶ 1947ರಲ್ಲಿ, ಎರಡನೆಯ ವರ್ಷದ್ದು 1948ರಲ್ಲಿ ಪ್ರಕಟವಾದವು. ನಾಗರಿಕ ಜನವಸತಿಯಲ್ಲಿ ಇಷ್ಟು ವಿಸ್ತಾರವಾದ ಪ್ರಯೋಗ ಭಾರತದಲ್ಲಿ ಹೊಸದು. ಹಳ್ಳಿಯ ಜ್ವರವನ್ನು ಬಡದೇಶವೂ ಭರಿಸಬಲ್ಲ ಖರ್ಚಿನಲ್ಲಿ ತಡೆಯಬಹುದೆಂಬ ಭರವಸೆ ದೇಶಕ್ಕೆ ದೊರೆತದ್ದು ಬಹುಮಟ್ಟಿಗೆ ಈ ಕನ್ನಡ ಹಳ್ಳಿಗಳಿಂದ.

ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಗುಣವಿದೆಯೆಂದು 1939ರಲ್ಲಿ ಕಂಡುಹಿಡಿದವರು ಪೌಲ್ ಮುಲ್ಲರ್. ಅವರು ದುಡಿಯುತ್ತಿದ್ದ ಗೈಗಿ ಕಂಪನಿಯ ಊರು ಸ್ವಿಟ್ಜರ್ಲೆಂಡಿನ ಬಾಸೆಲ್. ಕನ್ನಡ ಓದುಗರಿಗೆ ಆ ಊರಿನ ಹೆಸರು ಬೇರೆ ಕಾರಣಕ್ಕೆ ಪರಿಚಿತ: 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಮಿಷನ್ನಿನವರು ಅಲ್ಲಿಂದಲೇ ಹೊರಟವರು. ಒಂದೇ ಊರಿನಿಂದ ಮುದ್ರಣ, ಶಾಲೆ, ಹೆಂಚು ಒಂದು ಶತಮಾನದಲ್ಲಿ ಬಂದವು. ಸೊಳ್ಳೆಯ ಮದ್ದು ಮರುಶತಮಾನದಲ್ಲಿ ಬಂದಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಧಾರವಾಡದ ಇತಿಹಾಸ ಓದುವಾಗ ಇದು ನೆನಪಾಗದಿರದು.

ಸ್ವಾತಂತ್ರ್ಯಾನಂತರ ಕೆಲಸದ ಅಳತೆ ಬದಲಾಯಿತು. 1948ರಲ್ಲಿ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆ ಮರುವರ್ಷವೇ ಯುನಿಸೆಫ್ ಜೊತೆ ಸೇರಿ ಭಾರತದ ನಾಲ್ಕು ಕಡೆಗಳಲ್ಲಿ ಮಲೇರಿಯ ನಿಯಂತ್ರಣ ಪ್ರಾತ್ಯಕ್ಷಿಕೆಯ ತಂಡಗಳನ್ನು ನಿಲ್ಲಿಸಿತು: ಉತ್ತರಪ್ರದೇಶದ ತರಾಯಿ, ಒರಿಸ್ಸಾದ ಜೇಪುರ ಬೆಟ್ಟಗಳು, ಮಲಬಾರಿನ ಏರನಾಡು, ಮೈಸೂರಿನ ಮಲೆನಾಡು. ಡಿಡಿಟಿ, ಪಂಪು, ವಾಹನಗಳು ಹೊರಗಿನಿಂದ ಬಂದವು, ಕೈಗಳು ಇಲ್ಲಿಯವು. ಹೊರಗಿನ ತಜ್ಞನ ಪಕ್ಕದಲ್ಲಿ ಇಲ್ಲಿಯ ತಜ್ಞನೊಬ್ಬ ಇರಬೇಕು, ಕೆಲವೇ ವರ್ಷಗಳಲ್ಲಿ ಅವನೇ ಮುಂದುವರಿಸಬೇಕು ಎಂಬುದು ಒಪ್ಪಂದ. 1953ರ ಏಪ್ರಿಲಿನಲ್ಲಿ ಅಮೆರಿಕದ ತಾಂತ್ರಿಕ ಸಹಕಾರದೊಡನೆ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಈ ಜ್ವರಕ್ಕೆ ತುತ್ತಾಗಿ, 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1954ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್, ವಿಶ್ವಸಂಸ್ಥೆಯ ಅಂಗಗಳ ನೆರವಿನಿಂದ ದೆಹಲಿಯಲ್ಲಿ ಡಿಡಿಟಿ ತಯಾರಿಸತೊಡಗಿತು.

ಇಲ್ಲಿಯವರೆಗಿನ ಇತಿಹಾಸ ನಿಜಕ್ಕೂ ಸಂತೋಷ ಕೊಡುತ್ತದೆ. ತೊಡಕು ಶುರುವಾದದ್ದು ಗೆಲುವಿನಿಂದಲೇ. 1955ರಲ್ಲಿ ಮೆಕ್ಸಿಕೊ ನಗರದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ, ನಿಯಂತ್ರಣ ಸಾಲದು, ಭೂಮಿಯಿಂದಲೇ ಮಲೇರಿಯವನ್ನು ಅಳಿಸಬೇಕು ಎಂದು ನಿರ್ಣಯಿಸಿತು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಳ್ಳುವ ಮುನ್ನ ಮುಗಿಸಬೇಕೆಂಬ ಅವಸರ ಆ ನಿರ್ಣಯದ ಬೆನ್ನಿಗಿತ್ತು. 1958ರಲ್ಲಿ ಭಾರತವೂ ತನ್ನ ಕಾರ್ಯಕ್ರಮದ ಹೆಸರಿನಲ್ಲಿ 'ನಿಯಂತ್ರಣ' ತೆಗೆದು 'ನಿರ್ಮೂಲನ' ಎಂದು ಬರೆಯಿತು. ಸಿದ್ಧತೆ, ದಾಳಿ, ದೃಢೀಕರಣ, ನಿರ್ವಹಣೆ ಎಂದು ಕೆಲಸವನ್ನು ಹಂತಗಳಾಗಿ ವಿಂಗಡಿಸಲಾಯಿತು. ಪದಗಳೆಲ್ಲ ಯುದ್ಧದಿಂದ ಬಂದವು. ಆಫ್ರಿಕದ ಬಹುಭಾಗವನ್ನು ಈ ಜಾಗತಿಕ ಯೋಜನೆ ಹೊರಗೇ ಬಿಟ್ಟಿತ್ತು. ರೋಗ ಅತಿ ಹೆಚ್ಚಿದ್ದ ಖಂಡವನ್ನು ಕಷ್ಟಸಾಧ್ಯವೆಂದು ಬಿಟ್ಟ ಯೋಜನೆ ತನ್ನನ್ನು ಜಾಗತಿಕವೆಂದು ಕರೆದುಕೊಂಡಿತು. ಇದನ್ನು ನಾವು ತಾಂತ್ರಿಕ ದೋಷವೆಂದಷ್ಟೇ ಎಣಿಸಲಾರೆವು.

ಆ ದಿನಗಳಲ್ಲಿ ಹಳ್ಳಿಯಲ್ಲಿ ಈ ಯೋಜನೆಯ ಮುಖವೆಂದರೆ ಬೆನ್ನಿಗೋ ಹೆಗಲಿಗೋ ಪಂಪು ಹೊತ್ತು ಬರುತ್ತಿದ್ದ ಸಿಂಪಡಣೆಯವರು ಮತ್ತು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು 'ಯಾರಿಗಾದರೂ ಜ್ವರ ಇದೆಯೇ' ಎಂದು ಕೇಳಿ ಬೆರಳು ಚುಚ್ಚಿ ರಕ್ತಲೇಪನ ತೆಗೆಯುತ್ತಿದ್ದ ಕಾರ್ಯಕರ್ತರು. ಸುಣ್ಣ ಬಳಿದ ಗೋಡೆಗೆ ಮದ್ದು ಬೀಳಬಾರದೆಂದು ತಡೆಯುವ ಗೃಹಿಣಿಯರೂ, ದೇವರಮನೆಗೆ ಬಿಡದ ಹಿರಿಯರೂ ಇದ್ದರು. ಹೊರದೇಶದ ಲಕ್ಷಾಂತರ ಡಾಲರುಗಳ ಫಲ ಕೊನೆಗೆ ನಿಂತಿದ್ದುದು ಬಾಗಿಲ ಬಳಿ ನಡೆಯುವ ಈ ಮಾತುಕತೆಯ ಮೇಲೆ.

1961ರಲ್ಲಿ ಇಡೀ ಭಾರತದಲ್ಲಿ ದಾಖಲಾದ ಪ್ರಕರಣಗಳು ಸುಮಾರು 50,000. ಗೆದ್ದೆವೆಂಬ ಭಾವ ಬಂದಿತು. ಗೆದ್ದೆವೆಂದರೆ ಹಣವೇಕೆ, ಕಾರ್ಯಕರ್ತರೇಕೆ? ಹೊರಗಿನ ನೆರವು ಇಳಿಯಿತು, ಡಿಡಿಟಿ ಹೊತ್ತಿಗೆ ಸರಿಯಾಗಿ ಸಿಗದಾಯಿತು, ಸೊಳ್ಳೆಗಳು ಅದಕ್ಕೆ ಒಗ್ಗಿಕೊಂಡವು, ಹಳ್ಳಿಯ ಆರೋಗ್ಯ ವ್ಯವಸ್ಥೆ ಕಾವಲು ಕೆಲಸವನ್ನು ವಹಿಸಿಕೊಳ್ಳುವಷ್ಟು ಬೆಳೆದಿರಲಿಲ್ಲ. 1969ರಲ್ಲಿ ವಿಶ್ವ ಆರೋಗ್ಯ ಸಭೆ ಜಾಗತಿಕ ನಿರ್ಮೂಲನದ ಗಡುವನ್ನು ಕೈಬಿಟ್ಟಿತು. 1976ರಲ್ಲಿ ಭಾರತದ ಪ್ರಕರಣಗಳು 64 ಲಕ್ಷ ದಾಟಿದವು. 1977ರಲ್ಲಿ ಸರಕಾರ ನಿರ್ಮೂಲನದ ಮಾತು ಬಿಟ್ಟು, ಸಾವು ತಡೆಯುವುದು, ರೋಗ ತಗ್ಗಿಸುವುದು ಎಂಬ ಪರಿಷ್ಕೃತ ಯೋಜನೆಗೆ ಮರಳಿತು. ಫಾಲ್ಸಿಪೇರಂ ಬಗೆಯ ಮಾರಕ ಮಲೇರಿಯವನ್ನು ತಡೆಯುವ ಕಾರ್ಯಕ್ಕೆ ಸ್ವೀಡನ್ ದೇಶ ಕೈಜೋಡಿಸಿತು.

ಆರನೆಯ ಪೌಲ್ ಜಗದ್ಗುರುಗಳು ರಾಷ್ಟ್ರಗಳ ಅಭಿವೃದ್ಧಿಯ ಕುರಿತ ತಮ್ಮ ಪರಿಪತ್ರವನ್ನು ಹೊರಡಿಸಿದ್ದು ಈ ಏರಿಳಿತದ ನಡುವೆ, 1967ರ ಮಾರ್ಚಿನಲ್ಲಿ. ಕೊಡುವವರಿಗೂ ಪಡೆಯುವವರಿಗೂ ನಡುವೆ ಸಂವಾದ ಇರಬೇಕೆಂದು ಅವರು ಅದರಲ್ಲಿ ಒತ್ತಿ ಹೇಳಿದರು. ಅವರ ಹಿಂದೆ ಸಂತ ಪೌಲನೇ ಇದ್ದಾನೆ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಮಕೆದೋನಿಯ, ಅಖಾಯಗಳಲ್ಲಿ ಹಣ ಕೂಡಿಸಿದ್ದನ್ನು ನಾವು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟು, ಒಂಬತ್ತನೆಯ ಅಧ್ಯಾಯಗಳಲ್ಲಿ ಓದುತ್ತೇವೆ. ಪ್ರಬೋಧನೆಗಳಲ್ಲಿ ಈ ಅಧ್ಯಾಯಗಳು ಸಾಮಾನ್ಯವಾಗಿ ಔದಾರ್ಯದ ಪಾಠವಾಗಿಬಿಡುತ್ತವೆ. ಆದರೆ ಪೌಲನು ಇಲ್ಲಿ ಬಳಸುವ ಪದಗಳು ಬೇರೆ. ಕೊಯಿನೋನಿಯ ಎಂದರೆ ಪಾಲುಗಾರಿಕೆ. ಇಸೊಟೆಸ್ ಎಂದರೆ ಸಮಾನತೆ. ಇಂದು ನಿಮ್ಮಲ್ಲಿ ಹೆಚ್ಚಿರುವುದು ಅವರ ಕೊರತೆಗೆ, ನಾಳೆ ಅವರಲ್ಲಿ ಹೆಚ್ಚಿರುವುದು ನಿಮ್ಮ ಕೊರತೆಗೆ ಎಂಬುದು ಅವನ ವಾದದ ತಿರುಳು. ರೋಮನರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ, ಅನ್ಯಜನರು ಜೆರುಸಲೇಮಿಗೆ ಋಣಿಗಳು ಎನ್ನುತ್ತಾನೆ. ಕೊಡುವವನೇ ಸಾಲಗಾರ! ಜೊತೆಗೆ, ಹಣವನ್ನು ಒಯ್ಯಲು ತೀತನೊಡನೆ ಸಭೆಗಳೇ ಆರಿಸಿದ ಸಹೋದರನೊಬ್ಬನು ಹೋಗುತ್ತಾನೆ, ಲೆಕ್ಕದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು. ಸ್ವೀಟ್ ಮತ್ತು ರಾವ್ ಒಂದೇ ಮೇಜಿಗೆ ಕುಳಿತದ್ದರಲ್ಲೂ, ಮಲೆನಾಡಿನ ಒಪ್ಪಂದದಲ್ಲೂ ನಮಗೆ ಕಾಣುವುದು ಈ ಪಾಲುಗಾರಿಕೆಯ ಒಂದು ಲೌಕಿಕ ರೂಪ. ಗಡುವು ಹಾಕಿಕೊಂಡು ಬಂದು, ಗಡುವು ಮುಗಿದೊಡನೆ ಹೊರಟ ಯೋಜನೆಯಲ್ಲಿ ಅದು ಕಾಣುವುದಿಲ್ಲ.

ಇದು ಕಳೆದುಹೋದ ಕಾಲದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯ ಪ್ರಕರಣಗಳಾದವು, 5,97,000 ಜನ ಸತ್ತರು. ಬಹುಪಾಲು ಆಫ್ರಿಕದ ಎಳೆಯ ಮಕ್ಕಳು. ಒಮ್ಮೆ ಲೆಕ್ಕದಿಂದ ಹೊರಗಿಟ್ಟ ಖಂಡವೇ ಇಂದು ಆ ಭಾರವನ್ನು ಹೊತ್ತಿದೆ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಅಲ್ಲಿನ ಸೊಳ್ಳೆಪರದೆ, ಔಷಧಗಳ ಪೂರೈಕೆಯೂ ಅಲುಗಾಡಿತು. ಭಾರತ 1960ರ ದಶಕದಲ್ಲಿ ಎದುರಿಸಿದ ಪ್ರಶ್ನೆಯೇ ಈಗ ಅವರ ಮುಂದಿದೆ.

ಆದರೆ ಈ ಬಾರಿ ನಾವು ಮೇಜಿನ ಇನ್ನೊಂದು ಬದಿಯಲ್ಲಿದ್ದೇವೆ. ಆಕ್ಸ್‌ಫರ್ಡಿನಲ್ಲಿ ರೂಪುಗೊಂಡು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಪಡೆದ ಆರ್21 ಲಸಿಕೆಯನ್ನು ತಯಾರಿಸುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಸ್ಟೀಫೆನ್ಸಿ ಸೊಳ್ಳೆಯೂ ಸಮುದ್ರ ದಾಟಿದೆ. ಅದನ್ನು ಕರಾವಳಿಯ ಗುರುಗಳು ಬಲ್ಲರು: ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಗಳ ತೊಟ್ಟಿಗಳಲ್ಲೂ ತಾರಸಿಯ ನಿಂತ ನೀರಿನಲ್ಲೂ ಬೆಳೆದು, ದೂರದೂರುಗಳಿಂದ ಕೂಲಿಗೆ ಬಂದವರನ್ನು ಮೊದಲು ಕಚ್ಚುವುದು ಅದೇ. 2012ರಲ್ಲಿ ಅದು ಆಫ್ರಿಕದ ಕೊಂಬಿನ ಜಿಬೂಟಿಯಲ್ಲಿ ಪತ್ತೆಯಾಯಿತು. ಆ ವರ್ಷ ಆ ಪುಟ್ಟ ದೇಶದಲ್ಲಿ 27 ಮಲೇರಿಯ ಪ್ರಕರಣಗಳಿದ್ದವು. 2020ರ ಹೊತ್ತಿಗೆ 73,000 ದಾಟಿದವು. ಈಗ ಅದು ಇಥಿಯೋಪಿಯ, ಸೂಡಾನ್, ನೈಜೀರಿಯಗಳ ಪಟ್ಟಣಗಳನ್ನೂ ಸೇರಿದೆ. ಹಳ್ಳಿಯ ಸೊಳ್ಳೆಯನ್ನಷ್ಟೇ ಎದುರಿಸಿ ಅಭ್ಯಾಸವಿರುವ ಆ ದೇಶಗಳಿಗೆ ಪಟ್ಟಣದ ತೊಟ್ಟಿಯ ಸೊಳ್ಳೆ ಹೊಸದು. ಕರ್ನಾಟಕದ ಆರೋಗ್ಯ ಕಾರ್ಯಕರ್ತರಿಗೆ ಅದು ಹಳೆಯ ಪರಿಚಯ. ತಮ್ಮಲ್ಲಿಗೆ ಬಂದ ಸೊಳ್ಳೆ ಯಾವ ಬಗೆಯದೆಂದು ಅರಿಯಲು ಅದರ ಮೊಟ್ಟೆಯ ಏಣುಗಳನ್ನು ಎಣಿಸುವವರು ಇಂದಿಗೂ ತೆರೆದು ನೋಡಬೇಕಾದ ಮೊದಲ ಲೇಖನ, 1937ರಲ್ಲಿ ಸ್ವೀಟ್ ಮತ್ತು ರಾವ್ ಬರೆದದ್ದು.